ಹೊಳೆ ಬಂದಾಗ ಮನೆ ಹೊರಡುವ ಬಗೆ: ಸಿಂಗಟಾಲೂರು ಸೀಮೆಯ ವಿಕೋಪ ಸಿದ್ಧತೆ ಕುರಿತ ಅಧ್ಯಯನ

ಹಸ್ತಾ ಮಳೆ ಹುಟ್ಟಿ ಇನ್ನೂ ವಾರ ತುಂಬಿರಲಿಲ್ಲ. 2009ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ 2ರವರೆಗೆ ಸುರಿದ ಮಳೆಗೆ ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಕೃಷ್ಣಾ, ಭೀಮಾ, ಮಲಪ್ರಭಾ, ತುಂಗಭದ್ರಾ ಒಟ್ಟೊಟ್ಟಿಗೆ ಉಕ್ಕಿದವು. ತುಂಗಭದ್ರೆಯ ಕೆಳದಂಡೆಯಲ್ಲಿ ಮಂತ್ರಾಲಯಕ್ಕೂ ಕರ್ನೂಲಿಗೂ ನೀರು ನುಗ್ಗಿತು. ಆ ದಿನಗಳ ಸಾವುಗಳಲ್ಲಿ ಅನೇಕವು ಹೊಳೆಯಿಂದ ದೂರದಲ್ಲೇ ಆದವು. ಮೂರು ನಾಲ್ಕು ದಿನ ಬಿಡದೆ ನೆನೆದ ಮಣ್ಣಿನ ಗೋಡೆ ಮಲಗಿದವರ ಮೇಲೆ ಕುಸಿದಿತ್ತು.

ಹತ್ತು ವರ್ಷದ ಬಳಿಕ, 2019ರ ಆಗಸ್ಟ್‌ನಲ್ಲಿ, ಆಶ್ಲೇಷಾ ಮಳೆಗೆ ರಾಜ್ಯದ 22 ಜಿಲ್ಲೆಗಳ 103 ತಾಲ್ಲೂಕುಗಳು ಪ್ರವಾಹಪೀಡಿತವಾದವು. ಗದಗ ಜಿಲ್ಲೆಯಲ್ಲಿ ಪೆಟ್ಟು ಬಿದ್ದದ್ದು ಮುಖ್ಯವಾಗಿ ಮಲಪ್ರಭೆಯ ದಂಡೆಗೆ. ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರು ನರಗುಂದ ತಾಲ್ಲೂಕಿನ ಕೊಣ್ಣೂರು, ವಾಸನ, ಲಖಮಾಪುರಗಳನ್ನೂ ರೋಣ ತಾಲ್ಲೂಕಿನ ಹೊಳೆಆಲೂರು, ಮೆಣಸಗಿಗಳನ್ನೂ ಸುತ್ತುವರಿಯಿತು. ಜನ ಮನೆಗೆ ಮರಳಿ ಕೆಸರು ಬಳಿಯುತ್ತಿರುವಾಗಲೇ ಅಕ್ಟೋಬರ್‌ನಲ್ಲಿ ಮಲಪ್ರಭೆ, ಬೆಣ್ಣೆಹಳ್ಳ ಮತ್ತೆ ಬಂದವು.

ಈ ಲೇಖನದ ಪ್ರಶ್ನೆ ಚಿಕ್ಕದು. ಹೊಳೆ ಬರುತ್ತದೆಂಬ ಸೂಚನೆ ಸಿಕ್ಕ ಮೇಲೂ ಮನೆಯೊಂದು ಹೊರಡಲು ಏಕೆ ತಡಮಾಡುತ್ತದೆ? ಜನರಿಗೆ ತಿಳಿವಳಿಕೆ ಇಲ್ಲ, ಆಸ್ತಿಯ ಮೋಹ ಬಿಡುವುದಿಲ್ಲ ಎಂಬ ಉತ್ತರ ಕಚೇರಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಹೊಳೆಸಾಲಿನ ಮನೆಗಳ ರಚನೆಯನ್ನು ಹತ್ತಿರದಿಂದ ನೋಡಿದರೆ ಬೇರೆ ಉತ್ತರ ಕಾಣುತ್ತದೆ. ಮನೆ ಯಾವಾಗ ಹೊರಡುತ್ತದೆ ಎಂಬುದು ಆ ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ಚಲಿಸುವ ಜೀವವನ್ನು ಅವಲಂಬಿಸಿದೆ. ಮಂಡಿ ಹಿಡಿದ ಅಜ್ಜಿ, ದಿನ ತುಂಬಿದ ಬಸುರಿ, ಕಣ್ಣು ಕಾಣದ ಅಣ್ಣ, ಗಬ್ಬದ ಎಮ್ಮೆ ಇವರೆಲ್ಲ ಆ ಜೀವವಾಗಬಹುದು. ಸಿದ್ಧತೆಯ ಲೆಕ್ಕ ಅಲ್ಲಿಂದ ಶುರುವಾಗಬೇಕು ಎಂಬುದು ಇಲ್ಲಿನ ವಾದ.

ನೀರು ಬರುವ ದಾರಿ

ಸಿಂಗಟಾಲೂರು ಮುಂಡರಗಿ ತಾಲ್ಲೂಕಿನ ತುಂಗಭದ್ರಾ ತೀರದ ಊರು, ವೀರಭದ್ರೇಶ್ವರ ಕ್ಷೇತ್ರದಿಂದ ಹೆಸರಾದದ್ದು. ಅದೇ ಹೆಸರಿನ ಏತ ನೀರಾವರಿ ಯೋಜನೆ ಗದಗ, ಕೊಪ್ಪಳ, ಬಳ್ಳಾರಿ ಭಾಗದ ಒಣ ಹೊಲಗಳಿಗೆ ನೀರೆತ್ತುವ ಉದ್ದೇಶದ್ದು. ಅದರ ಬ್ಯಾರೇಜ್ ಇರುವುದು ಹಮ್ಮಿಗಿಯ ಬಳಿ. ಬ್ಯಾರೇಜಿನ ಹಿನ್ನೀರಿನ ಬಾಧೆಗೆ ಒಳಗಾದ ಊರುಗಳಲ್ಲಿ ಮುಂಡರಗಿ ತಾಲ್ಲೂಕಿನ ಗುಮ್ಮಗೋಳ, ಬಿದರಹಳ್ಳಿ, ವಿಠಲಾಪುರಗಳೂ ಎದುರು ದಂಡೆಯ ಅಲ್ಲೀಪುರವೂ ಸೇರಿವೆ. ಒಂದೇ ಹೊಳೆಯ ಸಾಲಿನಲ್ಲಿ ಹೀಗೆ ಎರಡು ಬಗೆಯ ಅಪಾಯ ಹುಟ್ಟಿದೆ. ಹಿನ್ನೀರಿನ ಊರಲ್ಲಿ ನೀರು ನಿಂತು ಮೆಲ್ಲಗೆ ಏರುತ್ತದೆ, ಹಿತ್ತಿಲಿಗೆ ಹಾವು ಬರುತ್ತವೆ, ಗೋಡೆಯ ಬುಡ ತಂಪಾಗುತ್ತದೆ. ಬ್ಯಾರೇಜಿನ ಕೆಳಗಿನ ಊರಲ್ಲಿ ಗೇಟು ತೆಗೆದ ಹೊತ್ತಿಗೆ ನೀರು ಒಮ್ಮೆಲೆ ನುಗ್ಗುತ್ತದೆ. ಎರಡಕ್ಕೂ ಒಂದೇ ಕರಪತ್ರ ಹಂಚಿದರೆ ಕೆಲಸವಾಗದು.

ಈ ಸೀಮೆಯ ಇನ್ನೊಂದು ವಿಶೇಷವೆಂದರೆ ಇಲ್ಲಿ ಮಳೆಯಿಲ್ಲದೆಯೂ ಹೊಳೆ ಬರುತ್ತದೆ. ಗದಗ ಜಿಲ್ಲೆಯ ವಾರ್ಷಿಕ ಮಳೆ ಸುಮಾರು 600 ಮಿಲಿಮೀಟರ್ ಆಸುಪಾಸಿನದು. ತುಂಗಭದ್ರೆಯ ನೀರಾದರೋ ಸಹ್ಯಾದ್ರಿಯದು. ತುಂಗೆಗೆ ಗಾಜನೂರಿನಲ್ಲಿ, ಭದ್ರೆಗೆ ಲಕ್ಕವಳ್ಳಿಯಲ್ಲಿ ಅಣೆಕಟ್ಟು. ಕೂಡ್ಲಿಯಲ್ಲಿ ಎರಡೂ ಸೇರಿ ಹೊನ್ನಾಳಿ, ಹರಿಹರ ದಾಟಿ, ಗಳಗನಾಥದಲ್ಲಿ ವರದೆಯನ್ನು ಕೂಡಿಸಿಕೊಂಡು ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ಅಂಚಿಗೆ ಬರುತ್ತವೆ. ವರದೆಗೆ ಭದ್ರೆಗಿರುವಂಥ ದೊಡ್ಡ ಜಲಾಶಯದ ತಡೆಯಿಲ್ಲ. ಆದ್ದರಿಂದ ಮುಂಡರಗಿಯಲ್ಲಿ ಬಿಸಿಲು ಕಾಯುತ್ತಿರುವಾಗ, ಹೆಸರು ಬಿಡಿಸುವ ಕೆಲಸ ನಡೆದಿರುವಾಗ, ಹೊಳೆ ದಂಡೆಯ ಪಂಪ್‌ಸೆಟ್ ಮುಳುಗಿರಬಹುದು. ತಲೆಯ ಮೇಲಿನ ಮೋಡ ನೋಡಿ ಹವಾ ಅಳೆಯುವ ರೈತನ ಪರಂಪರಾಗತ ಜ್ಞಾನ ಇಲ್ಲಿ ಕೈಕೊಡುತ್ತದೆ. ತೀರ್ಥಹಳ್ಳಿ, ಶಿವಮೊಗ್ಗ, ಬನವಾಸಿ ಕಡೆಯ ಮಳೆಯ ಸುದ್ದಿಯೇ ಹೊಳೆಸಾಲಿನ ನಿಜವಾದ ಮುನ್ಸೂಚನೆ.

ಆ ಸುದ್ದಿ ಇಂದು ಸಿಗದ ವಸ್ತುವೇನಲ್ಲ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿ, 2007ರಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಎಂಬ ಹೆಸರು ಪಡೆದ ಸಂಸ್ಥೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ. ಅದರ ‘ವರುಣ ಮಿತ್ರ’ ಸಹಾಯವಾಣಿಗೆ ರೈತರು ಕರೆ ಮಾಡಬಹುದು. ಜಿಲ್ಲಾ ನಿಯಂತ್ರಣ ಕೊಠಡಿಯ ಸಂಖ್ಯೆ 1077. 2023ರ ಅಕ್ಟೋಬರ್ 12ರಂದು ಕರ್ನಾಟಕದ ಮೊಬೈಲ್‌ಗಳು ಒಮ್ಮೆಗೇ ಕಿರುಚಿದ್ದು ತುರ್ತು ಸಂದೇಶ ವ್ಯವಸ್ಥೆಯ ಪರೀಕ್ಷೆಗಾಗಿ. ಆದರೂ ಸೂಚನೆ ಫೋನಿನವರೆಗೆ ಬಂದರೆ ಮನೆಯವರೆಗೆ ಬಂದಂತಾಗುವುದಿಲ್ಲ. ಫೋನು ಹಗಲಿಡೀ ಹೊಲಕ್ಕೆ ಹೋದ ಗಂಡಸರ ಜೇಬಿನಲ್ಲಿದ್ದರೆ ಮನೆಯಲ್ಲಿರುವ ಅಜ್ಜಿ, ಬಸುರಿ, ಮಕ್ಕಳಿಗೆ ಡಂಗುರವೇ ಗತಿ. ಕಿವಿ ಕೇಳದವರಿಗೆ ಡಂಗುರವೂ ಇಲ್ಲ. ಅಂಥವರಿರುವ ಮನೆಗೆ ಯಾರು ಹೋಗಿ ಮೈಮುಟ್ಟಿ ತಿಳಿಸಬೇಕು ಎಂಬುದು ಓಣಿಯಲ್ಲಿ ಮೊದಲೇ ಗೊತ್ತಾಗಿರಬೇಕು.

ಅಪಾಯ ಹೊಳೆಯಿಂದಷ್ಟೇ ಬರುವುದಿಲ್ಲ. ಎರೆ ಭೂಮಿಯಲ್ಲಿ ಊರಿಂದ ಹೊರಬೀಳುವ ದಾರಿ ಬಹುತೇಕ ಯಾವುದಾದರೊಂದು ಹಳ್ಳವನ್ನು ದಾಟುತ್ತದೆ. ಹೊಳೆಯ ನೀರು ಅಂಗಳಕ್ಕೆ ಬರುವ ಮೊದಲೇ ಹಳ್ಳ ತುಂಬಿ ದಾರಿ ಕಡಿಯುತ್ತದೆ. ಎರೆ ಹಸಿಯಾದರೆ ಚಕ್ಕಡಿ ಹೂತು ನಿಲ್ಲುತ್ತದೆ, ಟ್ರ್ಯಾಕ್ಟರ್ ಕೂಡ. ಹೀಗಾಗಿ ಇಲ್ಲಿನ ಮನೆಗೆ ಎರಡು ಗಡುವುಗಳಿವೆ: ನೀರು ಬಾಗಿಲಿಗೆ ಬರುವ ಹೊತ್ತು ಒಂದು, ದಾರಿ ಮುಚ್ಚುವ ಹೊತ್ತು ಇನ್ನೊಂದು. ಎರಡನೆಯದು ಮೊದಲು ಬರುತ್ತದೆ. ಅಧಿಕೃತ ಸೂಚನೆಗಳಲ್ಲಿ ಅದರ ಮಾತೇ ಇರುವುದಿಲ್ಲ.

ಒಂದು ಮನೆಯ ಲೆಕ್ಕ

ವಾದವನ್ನು ಪರೀಕ್ಷಿಸಲು ಹೊಳೆಸಾಲಿನ ಒಂದು ಮನೆಯನ್ನು ಮಾದರಿಗಾಗಿ ಕಲ್ಪಿಸಿಕೊಳ್ಳಬಹುದು. ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಸಕ್ಕರೆ ಕಾಯಿಲೆಯ ಅಜ್ಜಿ, ಕುಬುಸದ ಕಾರ್ಯ ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳು. ಜೊತೆಗೆ ಎರಡು ಎತ್ತು, ಒಂದು ಗಬ್ಬದ ಎಮ್ಮೆ, ಒಂದು ನಾಯಿ, ಒಂದು ಬೆಕ್ಕು. ಹಳೆಯ ಮಣ್ಣಿನ ಮಾಳಿಗೆ ಮನೆ. ಬಾಗಿಲ ಒಳಗೆ ಕಾಲಿಟ್ಟ ಕೂಡಲೇ ದನ ಕಟ್ಟುವ ಜಾಗ, ಗೋದಲಿ. ಎರಡಡಿ ಎತ್ತರದ ಕಟ್ಟೆ ಏರಿದರೆ ಪಡಸಾಲೆ, ಅಡಿಗೆಮನೆ. ಮನುಷ್ಯರೂ ದನಗಳೂ ಒಂದೇ ಚಾವಣಿಯ ಕೆಳಗೆ ಮಲಗುವ ಈ ಮನೆಯಲ್ಲಿ ನೀರು ಮೊದಲು ಮುಟ್ಟುವುದು ದನದ ಕಾಲನ್ನು.

ನೀರಿನಿಂದ ಶುರುಮಾಡುವುದು ಒಳ್ಳೆಯದು. ಪ್ರವಾಹದಲ್ಲಿ ಮೊದಲು ತುಟ್ಟಿಯಾಗುವುದು ಕುಡಿಯುವ ನೀರೇ. ನೆರವು ಸಂಸ್ಥೆಗಳು ಜಗತ್ತಿನಾದ್ಯಂತ ಬಳಸುವ ಸ್ಫಿಯರ್ ಕೈಪಿಡಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಎನ್ನುತ್ತದೆ. ಆರು ಜನಕ್ಕೆ ದಿನಕ್ಕೆ 90 ಲೀಟರ್ ಆಯಿತು. ದೊಡ್ಡ ದನವೊಂದಕ್ಕೆ ದಿನಕ್ಕೆ 40ರಿಂದ 60 ಲೀಟರ್ ಬೇಕು, ಮೂರಕ್ಕೆ ಸುಮಾರು 150. ಮನೆಯ ಮನುಷ್ಯರಿಗಿಂತ ದನಗಳಿಗೇ ಹೆಚ್ಚು. ಮುಂಡರಗಿ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಜನ ಹೊಳೆ ನೀರಿನ ಯೋಜನೆಗಳನ್ನೋ ಊರಿನ ಶುದ್ಧ ನೀರಿನ ಘಟಕವನ್ನೋ ನಂಬಿದ್ದಾರೆ. ಹೊಳೆ ಬಂದಾಗ ನೀರೆತ್ತುವ ಜಾಕ್‌ವೆಲ್ ನಿಲ್ಲುತ್ತದೆ, ಕರೆಂಟು ಹೋದರೆ ಘಟಕವೂ ನಿಲ್ಲುತ್ತದೆ. ಮಳೆಗಾಲದಲ್ಲಿ ಒಂದು ಮುಚ್ಚಳದ ಡ್ರಮ್ಮಿನ ನೀರು ಮೀಸಲಿಡುವುದು, ಕುದಿಸಲು ಒಣ ಸೌದೆ ಅಟ್ಟದ ಮೇಲಿರುವುದು, ಕ್ಲೋರಿನ್ ಮಾತ್ರೆಯನ್ನು ಆಶಾ ಕಾರ್ಯಕರ್ತೆಯಿಂದ ಮೊದಲೇ ಪಡೆಯುವುದು ಬಹಳ ಸಾದಾ ಕೆಲಸಗಳು. ಮೂರು ದಿನ ಕಳೆಯಲು ಅವೇ ಸಾಕು.

ಊಟದ ವಿಚಾರದಲ್ಲಿ ಈ ನಾಡಿಗೆ ಹೊರಗಿನವರ ಪಾಠ ಬೇಕಿಲ್ಲ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಪುಠಾಣಿ, ಬೆಲ್ಲ, ಅವಲಕ್ಕಿಗೆ ಒಲೆ ಬೇಡ. ಹೊಲಕ್ಕೂ ಜಾತ್ರೆಗೂ ಬುತ್ತಿ ಕಟ್ಟುವ ಕೈಗಳೇ ತುರ್ತಿನ ಬುತ್ತಿಯನ್ನೂ ಕಟ್ಟಬಲ್ಲವು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಒಂದು ಗಂಟು ಸದಾ ಸಿದ್ಧವಿದ್ದರೆ ಸಾಕು. ಹಲ್ಲಿಲ್ಲದ ಅಜ್ಜಿಗೆ ಖಡಕ್ ರೊಟ್ಟಿ ನಡೆಯದು. ಅವರಿಗೆ ಹುರಿದ ಹಿಟ್ಟು, ತೆಳ್ಳನೆ ಅವಲಕ್ಕಿ ಬೇರೆ ಇರಬೇಕು. ಸಾಮಾನ್ಯ ಪಟ್ಟಿಗಳು ಇಂಥಲ್ಲೇ ಸೋಲುತ್ತವೆ.

ಅಜ್ಜಿಯ ಔಷಧ ಇನ್ನೂ ಸೂಕ್ಷ್ಮ. ಇನ್ಸುಲಿನ್‌ಗೆ ತಂಪು ಬೇಕು, ಕರೆಂಟು ಇರುವುದಿಲ್ಲ. ಒಂದು ಮಣ್ಣಿನ ಮಡಕೆಯೊಳಗೆ ಇನ್ನೊಂದು ಸಣ್ಣ ಮಡಕೆ, ನಡುವೆ ಒದ್ದೆ ಮರಳು: ಈ ಹಳೆಯ ಉಪಾಯ ಇನ್ಸುಲಿನ್ ಅನ್ನು ಕೆಲವು ದಿನ ಕಾಯಬಲ್ಲದು. ಒಂದು ವಾರದ ಮಾತ್ರೆ ಹೆಚ್ಚುವರಿ ಇರಬೇಕು, ವೈದ್ಯರ ಚೀಟಿಯ ಫೋಟೋ ಮನೆಯ ಇಬ್ಬರ ಮೊಬೈಲ್‌ನಲ್ಲಿರಬೇಕು. ಮರೆವಿನ ಕಾಯಿಲೆಯ ಹಿರಿಯರಿದ್ದರೆ ಅವರ ಹೆಸರು, ಊರು, ಮಗನ ಫೋನ್ ಸಂಖ್ಯೆ ಬರೆದ ಚೀಟಿ ಅಂಗಿಯ ಒಳಜೇಬಿಗೆ ಹೊಲಿದಿರಬೇಕು. ಜನ ತುಂಬಿದ ಪರಿಹಾರ ಶಿಬಿರದಲ್ಲಿ, ಅಂದರೆ ಕಾಳಜಿ ಕೇಂದ್ರದಲ್ಲಿ, ಒಬ್ಬ ಮುದುಕ ಕಳೆದುಹೋಗಲು ಅರ್ಧ ಗಂಟೆ ಬೇಕಿಲ್ಲ.

ತವರಿಗೆ ಬಂದ ಮಗಳ ಸಮಸ್ಯೆಯನ್ನು ಸರ್ಕಾರಿ ಯೋಜನೆಗಳು ಎಲ್ಲಕ್ಕಿಂತ ಹೆಚ್ಚು ಮರೆತಿವೆ. ಆಕೆಯ ತಾಯಿ ಕಾರ್ಡ್ ಆಗಿರುವುದು ಗಂಡನ ಊರಿನಲ್ಲಿ. ತವರಿನ ಆಶಾ ಕಾರ್ಯಕರ್ತೆಯ ಪಟ್ಟಿಗೆ ಯಾರಾದರೂ ಹೇಳಿ ಸೇರಿಸದಿದ್ದರೆ ಹೊಳೆ ಬಂದ ದಿನ ಆ ಊರಿನ ಗರ್ಭಿಣಿಯರ ಎಣಿಕೆಯಲ್ಲಿ ಆಕೆ ಇರುವುದೇ ಇಲ್ಲ. ಮಗಳು ತವರಿಗೆ ಕಾಲಿಟ್ಟ ವಾರದಲ್ಲೇ ಅವಳ ಕಾರ್ಡನ್ನು ಅಂಗನವಾಡಿಗೂ ಆಶಾಗೂ ತೋರಿಸುವುದು ಹೊಳೆಸಾಲಿನ ಮನೆಗೆ ಬಹಳ ಮುಖ್ಯವಾದ ಸಿದ್ಧತೆ. ತುಂಬು ತಿಂಗಳಾಗಿದ್ದರೆ ಹೊಳೆ ಏರುವ ಸುದ್ದಿ ಬಂದ ದಿನವೇ ಆಕೆ ಮುಂಡರಗಿಯಲ್ಲೋ ಗದಗಿನಲ್ಲೋ ನೆಂಟರ ಮನೆ ಸೇರಬೇಕು. ಹಳ್ಳ ತುಂಬಿದ ಮೇಲೆ 108ಕ್ಕೆ ಫೋನು ಹಚ್ಚಿದರೆ ಆಂಬುಲೆನ್ಸ್ ಆಚೆ ದಡದಲ್ಲಿ ನಿಲ್ಲುತ್ತದೆ.

ಹೀಗೆ ಲೆಕ್ಕ ಹಾಕಿದಾಗ ಈ ಮನೆಗೆ ಹೊರಡುವ ಹೊತ್ತು ಒಂದಲ್ಲ, ಮೂರು ಎಂದು ಗೊತ್ತಾಗುತ್ತದೆ. ಜಲಾಶಯಗಳಿಂದ ನೀರು ಬಿಡುವ ಸುದ್ದಿ ಬಂದಾಗ ಬಸುರಿ ಮತ್ತು ಅಜ್ಜಿ, ಅವರ ಜೊತೆ ಒಬ್ಬ ದೊಡ್ಡ ಮನುಷ್ಯ. ಬಳಿಕ ಹಗಲು ಬೆಳಕಿರುವಾಗ, ದಾರಿ ಗಟ್ಟಿಯಿರುವಾಗ ದನಗಳು. ಕಾಲು ಗಟ್ಟಿ ಇರುವವರು ಕೊನೆಗೆ. ಎಲ್ಲರೂ ಒಟ್ಟಿಗೇ ಹೋಗೋಣ ಎಂಬ ಪ್ರೀತಿಯ ಮಾತು ಎಷ್ಟೋ ಮನೆಗಳನ್ನು ರಾತ್ರಿಯವರೆಗೆ ಹಿಡಿದಿಟ್ಟಿದೆ.

ದನ, ಕುರಿ, ನಾಯಿ

ಸಾಕುಪ್ರಾಣಿಗಳನ್ನು ಬಿಟ್ಟು ಬರಲಾರದೆ ಜನ ಉಳಿಯುವುದು ಹಳ್ಳಿಯವರ ಹಟ ಎಂದು ತಿಳಿಯುವವರು ಅಮೆರಿಕದ ಅನುಭವ ನೋಡಬೇಕು. 2005ರ ಕತ್ರಿನಾ ಚಂಡಮಾರುತದ ನಂತರ ಫ್ರಿಟ್ಜ್ ಇನ್‌ಸ್ಟಿಟ್ಯೂಟ್ ನಡೆಸಿದ ಸಮೀಕ್ಷೆಯಲ್ಲಿ, ಮನೆ ಬಿಡದೆ ಉಳಿದವರ ಪೈಕಿ 44 ಪ್ರತಿಶತ ಜನ ತಮ್ಮ ಪ್ರಾಣಿಗಳನ್ನು ತೊರೆಯಲಾರದ್ದೂ ಒಂದು ಕಾರಣ ಎಂದಿದ್ದರು. ಮರುವರ್ಷವೇ ಅಲ್ಲಿನ ಸಂಸತ್ತು ಸ್ಥಳಾಂತರ ಯೋಜನೆಗಳಲ್ಲಿ ಸಾಕುಪ್ರಾಣಿಗಳನ್ನೂ ಸೇರಿಸಬೇಕೆಂದು ಕಾನೂನು ಮಾಡಿತು. ಅಲ್ಲಿನವು ಬಹುಪಾಲು ಒಲವಿನ ನಾಯಿ ಬೆಕ್ಕುಗಳು. ಇಲ್ಲಿ ಕಟ್ಟಿದ ಎಮ್ಮೆ ಮನೆಯ ದಿನದ ಸಂತೆಯ ದುಡ್ಡು, ಎತ್ತು ಮುಂದಿನ ವರ್ಷದ ಬಿತ್ತನೆ. ಒಲವೂ ಬದುಕೂ ಒಂದೇ ಗೂಟಕ್ಕೆ ಕಟ್ಟಿಕೊಂಡಿರುವಾಗ ಬಿಟ್ಟು ಬನ್ನಿ ಎಂಬ ಆದೇಶಕ್ಕೆ ಬೆಲೆಯಿಲ್ಲ.

ಬಾಂಗ್ಲಾದೇಶದವರು ಇದಕ್ಕೆ ಒಳ್ಳೆಯ ಉತ್ತರ ಕಂಡುಕೊಂಡಿದ್ದಾರೆ. 1970ರ ಭೋಲಾ ಚಂಡಮಾರುತದ ಭೀಕರ ಸಾವುನೋವಿನ ಬಳಿಕ ಕರಾವಳಿಯಲ್ಲಿ ಎತ್ತರದ ಮಣ್ಣಿನ ದಿಬ್ಬಗಳನ್ನು ಕಟ್ಟಿದರು. ಅವುಗಳನ್ನು ಮುಜಿಬ್ ಕಿಲ್ಲಾ ಎನ್ನುತ್ತಾರೆ. ದನ ಅಲ್ಲಿ ನಿಲ್ಲುತ್ತದೆ, ಆದ್ದರಿಂದ ಜನ ಬರುತ್ತಾರೆ. ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ಹೊಳೆಸಾಲಿನಲ್ಲಿ ದಿಬ್ಬ ಕಟ್ಟುವ ಅಗತ್ಯವೂ ಕಡಿಮೆ. ಊರಿಂದ ಸ್ವಲ್ಪ ಹಿಂದೆ ಸರಿದರೆ ಏರು ನೆಲವಿದೆ. ಬೇಕಾದದ್ದು ಅಲ್ಲೊಂದು ಗೊತ್ತುಮಾಡಿದ ಜಾಗ, ಸಾಲಾಗಿ ಗೂಟ, ನೀರಿನ ತೊಟ್ಟಿ, ಮೇವು. ಬರಗಾಲದಲ್ಲಿ ಗೋಶಾಲೆ, ಮೇವು ಬ್ಯಾಂಕ್ ತೆರೆದ ಅನುಭವ ಜಿಲ್ಲಾಡಳಿತಕ್ಕೆ ಚೆನ್ನಾಗಿಯೇ ಇದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದ್ದರು. ಬರಕ್ಕೆಂದು ಬೆಳೆಸಿಕೊಂಡ ಆ ವ್ಯವಸ್ಥೆಯನ್ನೇ ಪ್ರವಾಹಕ್ಕೂ ಬಳಸಿದರೆ ಹೊಸ ಖರ್ಚು ಹೆಚ್ಚೇನಿಲ್ಲ.

ಪ್ರವಾಹದ ನಂತರದ ಪುನರ್ವಸತಿಯಲ್ಲೂ ಇದೇ ಮರೆವು ಕೆಲಸ ಮಾಡಿತು. 2009ರ ಬಳಿಕ ‘ಆಸರೆ’ ಯೋಜನೆಯಲ್ಲಿ ಉತ್ತರ ಕರ್ನಾಟಕದ ನದಿದಂಡೆಗಳಲ್ಲಿ ನವಗ್ರಾಮಗಳು ಎದ್ದವು, ದಾನಿಗಳು ಹಣ ಕೊಟ್ಟರು, ಗಟ್ಟಿ ಮನೆಗಳೇ ಆದವು. ಅವುಗಳಲ್ಲಿ ಎಷ್ಟೋ ಮನೆಗಳು ವರ್ಷಗಟ್ಟಲೆ ಖಾಲಿ ಬಿದ್ದು ಸುತ್ತ ಜಾಲಿ ಬೆಳೆಯಿತು. ಇಕ್ಕಟ್ಟಾದ ನಿವೇಶನದಲ್ಲಿ ಎತ್ತು ಎಲ್ಲಿ ಕಟ್ಟಬೇಕು, ಬಣವೆ ಎಲ್ಲಿ ಒಟ್ಟಬೇಕು, ಹೊಲ ಎಷ್ಟು ದೂರ ಎಂಬ ಪ್ರಶ್ನೆಗಳಿಗೆ ಆ ನಕ್ಷೆಗಳಲ್ಲಿ ಉತ್ತರವಿರಲಿಲ್ಲ. ವಿಪರ್ಯಾಸವೆಂದರೆ, ಜಾನುವಾರುಗಳ ತುರ್ತು ಪಾಲನೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಲೆಗ್ಸ್ ಮೊದಲ ಬಾರಿ ಪ್ರಕಟವಾದದ್ದು ಅದೇ 2009ರಲ್ಲಿ.

ಮನೆಯವರ ಕೈಯಲ್ಲಿರುವ ಕೆಲಸವೂ ಸಾಕಷ್ಟಿದೆ. ಮುಂಗಾರಿಗೆ ಮೊದಲು ಚಪ್ಪೆ ರೋಗ, ಗಳಲೆ ರೋಗ, ಕಾಲುಬಾಯಿ ಜ್ವರಗಳ ಲಸಿಕೆ ಹಾಕಿಸಬೇಕು. ಕೆಸರಿನಲ್ಲಿ ದಿನಗಟ್ಟಲೆ ನಿಂತ ದನಕ್ಕೆ ಈ ರೋಗಗಳು ಬೇಗ ತಗಲುತ್ತವೆ. ಕಿವಿಯ ಓಲೆಯ 12 ಅಂಕಿಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು, ದನದ ಪಕ್ಕ ಮನೆಯವರು ನಿಂತ ಫೋಟೋ ಇರಬೇಕು. ಕಣಕಿಯ ಬಣವೆ ಎತ್ತರದಲ್ಲಿರಬೇಕು. ನೆನೆದು ಬೂಸ್ಟು ಹಿಡಿದ ಮೇವು ತಿನ್ನಿಸಿದರೆ ಪ್ರವಾಹ ಉಳಿಸಿದ ದನ ಆಮೇಲೆ ಸಾಯುತ್ತದೆ. ಬರದ ನಂತರ ಮೊದಲ ಮಳೆಗೆ ಚಿಗುರಿದ ಎಳೆ ಜೋಳವೂ ಅಷ್ಟೇ ಅಪಾಯಕಾರಿ, ಅದರಲ್ಲಿ ಸೈನೈಡ್ ಅಂಶ ಹೆಚ್ಚಿರುತ್ತದೆ. ಕರೆದೊಯ್ಯಲು ಆಗದೇ ಹೋದರೆ ಕಣ್ಣಿ ಬಿಚ್ಚಿಬಿಡಬೇಕು. ದನ, ಎಮ್ಮೆ ಈಜಬಲ್ಲವು. ಕಟ್ಟಿದ ದನ ನಿಂತಲ್ಲೇ ಮುಳುಗುತ್ತದೆ. ಕೊನೆಗೆ ಮನೆ ಬಿಡುವವರು ಗೋದಲಿಯ ಮುಂದೆ ಹಾದು ಹೋಗಬೇಕು ಎಂಬುದನ್ನು ಮಕ್ಕಳಿಗೂ ಹೇಳಿಕೊಡಬೇಕು.

ನಾಯಿಯ ಸ್ಥಿತಿ ಅತಂತ್ರ. ಕಾಳಜಿ ಕೇಂದ್ರಗಳು ಸಾಮಾನ್ಯವಾಗಿ ಶಾಲೆ, ಸಮುದಾಯ ಭವನಗಳಲ್ಲಿ ತೆರೆಯುತ್ತವೆ, ಅಲ್ಲಿ ನಾಯಿಯನ್ನು ಒಳಗೆ ಬಿಡಲು ಯಾರಿಗೂ ಮನಸ್ಸಿಲ್ಲ. ಕೊರಳಪಟ್ಟಿ, ಹಗ್ಗ, ಹುಚ್ಚುನಾಯಿ ರೋಗದ ಲಸಿಕೆಯ ಚೀಟಿ ಇದ್ದರೆ ಕನಿಷ್ಠ ಆವರಣದ ಮೂಲೆಯಲ್ಲಿ ಕಟ್ಟಲು ಕೇಳುವ ಹಕ್ಕಾದರೂ ಹುಟ್ಟುತ್ತದೆ. ಬೆಕ್ಕಿಗೆ, ಕೋಳಿಗೆ ಮುಚ್ಚಳದ ಬುಟ್ಟಿ ಸಾಕು. ನಾಯಿಯನ್ನು ಸರಪಳಿಯಲ್ಲಿ ಕಟ್ಟಿ ಹೊರಡುವುದು ಮಾತ್ರ ಎಂದೂ ಆಗಬಾರದು. ಪಶು ಚಿಕಿತ್ಸೆಯ ಸಂಚಾರಿ ವಾಹನಕ್ಕೆ 1962 ಸಹಾಯವಾಣಿ ಇದೆ.

ಕುರಿಗಾರರದು ಮನೆಯೇ ಇಲ್ಲದ ಮನೆ. ಸುಗ್ಗಿ ಮುಗಿದ ಹೊಲಗಳಲ್ಲಿ, ಹೊಳೆಯ ಅಂಚಿನಲ್ಲಿ, ನಡುಗಡ್ಡೆಗಳಲ್ಲಿ ಹಟ್ಟಿ ಹಾಕುವ ಅವರು ಯಾವ ಊರಿನ ಪಟ್ಟಿಯಲ್ಲೂ ಇರುವುದಿಲ್ಲ. 2020ರ ಆಗಸ್ಟ್‌ನಲ್ಲಿ ನಾರಾಯಣಪುರ ಜಲಾಶಯದ ಬಳಿ ಕೃಷ್ಣೆಯ ನಡುಗಡ್ಡೆಯಲ್ಲಿ ಕುರಿಗಾರರೊಬ್ಬರು ಕುರಿಗಳೊಂದಿಗೆ ಸಿಲುಕಿದಾಗ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ಹೋಗಿ ಅವರನ್ನು ದಡ ಸೇರಿಸಬೇಕಾಯಿತು. ಸಿಡಿಲಿಗೆ ಮೊದಲು ಸಿಗುವವರೂ ಬಯಲಲ್ಲಿರುವ ಇವರೇ. 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ಸಿಡಿಲಿಗೆ 2,887 ಜನ ಸತ್ತದ್ದನ್ನು ರಾಷ್ಟ್ರೀಯ ಅಪರಾಧ ದಾಖಲೆ ಘಟಕ ಲೆಕ್ಕ ಹಾಕಿದೆ. ‘ಸಿಡಿಲು’, ‘ದಾಮಿನಿ’ ಆ್ಯಪ್‌ಗಳು ಮೊದಲೇ ಎಚ್ಚರಿಸುತ್ತವೆ. ಅದಿಲ್ಲದಿದ್ದರೂ ಗುಡುಗು ಕೇಳಿದ ಕೂಡಲೇ ಒಂಟಿ ಮರ ಬಿಟ್ಟು, ಕುರಿಗಳನ್ನು ಚದುರಿಸಿ, ತಗ್ಗಿನಲ್ಲಿ ಕಾಲು ಕೂಡಿಸಿ ಕುಕ್ಕರಗಾಲಲ್ಲಿ ಕೂರುವುದು ಪ್ರಾಣ ಉಳಿಸಬಹುದು.

ಮನೆಯ ಗೋಡೆ, ನೆಲ, ತಂತಿ

ಮಣ್ಣಿನ ಮಾಳಿಗೆ ಬೇಸಿಗೆಗೆ ಹೇಳಿ ಮಾಡಿಸಿದ್ದು. ಬಿಡದೆ ಮೂರು ದಿನ ಮಳೆ ಹಿಡಿದರೆ ಅದೇ ಚಾವಣಿ ನೀರು ಕುಡಿದು ಭಾರವಾಗುತ್ತದೆ. ರೋಹಿಣಿ ಮಳೆಗೆ ಮೊದಲು ಮಾಳಿಗೆಗೆ ಹೊಸ ಮಣ್ಣು ಹಾಕಿ ಧಮ್ಮಸ್ಸು ಮಾಡುವುದು, ನೀರು ಹೋಗುವ ದೋಣಿ ಬಿಡಿಸುವುದು ಹಿರಿಯರ ವಾಡಿಕೆ. ಆಳು ಸಿಗದ ಕಾಲದಲ್ಲಿ ಆ ಕೆಲಸ ತಪ್ಪುತ್ತಿದೆ, ಇಲ್ಲವೇ ಹಳೆಯ ಮಣ್ಣು ತೆಗೆಯದೆ ಅದರ ಮೇಲೆಯೇ ಹೊಸ ಮಣ್ಣು ಬಿದ್ದು ಭಾರ ಬೆಳೆಯುತ್ತಿದೆ. ಗೋಡೆಯ ಬುಡ ಉಬ್ಬಿದರೆ, ಮೂಲೆ ಸೀಳಿದರೆ, ಬಾಗಿಲು ಇದ್ದಕ್ಕಿದ್ದಂತೆ ಹಿಡಿದುಕೊಂಡರೆ ಆ ಕೋಣೆಯಲ್ಲಿ ಮಲಗಬಾರದು. ಹಾಸಿಗೆ ಹಿಡಿದ ಹಿರಿಯರ ಮಂಚ ಎಷ್ಟೋ ಮನೆಗಳಲ್ಲಿ ಇರುವುದು ಹಿಂದಿನ ಕತ್ತಲೆ ಕೋಣೆಯ ಹಳೆಯ ಗೋಡೆಗೆ ತಾಗಿ. ಮಳೆಗಾಲದ ಮಟ್ಟಿಗಾದರೂ ಅದು ಬಾಗಿಲ ಹತ್ತಿರಕ್ಕೆ ಬರಬೇಕು.

ನೆಲದೊಳಗಿನ ಕಾಳಿನ ಹಗೇವು ಇರುವ ಮನೆಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ನೀರು ಇಳಿದ ಹಗೇವಿನಲ್ಲಿ ನೆನೆದ ಜೋಳ ಹುಳಿತು ಉಸಿರುಗಟ್ಟಿಸುವ ಗಾಳಿ ತುಂಬಿರುತ್ತದೆ. ಬಾಯಿ ತೆರೆದು ದಿನವಿಡೀ ಬಿಡದೆ ಒಳಗಿಳಿದವನು ಮೇಲೆ ಬರುವುದಿಲ್ಲ, ಅವನನ್ನು ಎತ್ತಲು ಇಳಿದವನೂ ಬರುವುದಿಲ್ಲ. ಹೊಳೆ ದಂಡೆಯ ಪಂಪ್‌ಸೆಟ್ ಉಳಿಸಲು ಏರುವ ನೀರಿಗೆ ಇಳಿಯುವುದು ಪ್ರತಿ ಮಳೆಗಾಲ ಜೀವ ತೆಗೆಯುವ ಸಾಹಸ. ಮೋಟಾರನ್ನು ಮೊದಲ ಸುದ್ದಿಗೇ ಮೇಲೆತ್ತಬೇಕು. ಮನೆ ಬಿಡುವಾಗ ಮೇನ್ ಸ್ವಿಚ್ ತೆಗೆದು, ಗ್ಯಾಸಿನ ರೆಗ್ಯುಲೇಟರ್ ಮುಚ್ಚಬೇಕು. ಬಿದ್ದ ತಂತಿ ಕಂಡರೆ ವಿದ್ಯುತ್ ಕಂಪನಿ ಹೆಸ್ಕಾಂನ 1912ಕ್ಕೆ ತಿಳಿಸಬೇಕು. ಮರಳಿದಾಗ ಹೊದಿಕೆ, ಸೌದೆ, ಗೋದಲಿಯನ್ನು ಕೋಲಿನಿಂದ ತಟ್ಟಿ ನೋಡದೆ ಕೈ ಹಾಕಬಾರದು. ಹಾವು ಕಡಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಬೇಡ, ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಬೇಕು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಅಧಿಸೂಚನೆ ಹೊರಡಿಸಿದೆ.

ಪಟ್ಟಿಗಳು ಮತ್ತು ಹಕ್ಕುಗಳು

ಗದಗಿಗೆ ಅಂಗವಿಕಲರ ಬದುಕು ಅಪರಿಚಿತವಲ್ಲ. ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮ ಕಣ್ಣಿಲ್ಲದ ನೂರಾರು ಮಕ್ಕಳಿಗೆ ಸಂಗೀತ ಕೊಟ್ಟು ಬದುಕು ಕಟ್ಟಿಕೊಟ್ಟಿದೆ. ಇಂಥ ನಾಡಿನಲ್ಲಿ ಕಾಣದವರು, ಕೇಳದವರು ವಿಕೋಪದ ಯೋಜನೆಯಿಂದ ಹೊರಗುಳಿಯುವುದು ಹೆಚ್ಚು ನೋಯಿಸುತ್ತದೆ. ಕಣ್ಣಿಲ್ಲದವರು ತಮ್ಮ ಮನೆ, ಓಣಿಯನ್ನು ಹೆಜ್ಜೆಯ ಲೆಕ್ಕದಲ್ಲಿ ಬಲ್ಲರು. ಮೊಣಕಾಲುದ್ದ ನೀರು ನಿಂತರೆ ಆ ಲೆಕ್ಕವೆಲ್ಲ ಅಳಿಸುತ್ತದೆ. ಕಾಳಜಿ ಕೇಂದ್ರವಾಗುವ ಶಾಲೆಗೆ ಅವರನ್ನು ಒಣ ದಿನಗಳಲ್ಲೇ ಒಂದೆರಡು ಬಾರಿ ನಡೆಸಿಕೊಂಡು ಹೋಗಿ ಮೆಟ್ಟಿಲು, ಬಚ್ಚಲು ತೋರಿಸಿರಬೇಕು.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 8ನೇ ಕಲಮು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ರಚನೆಯಾದ ಜಿಲ್ಲಾ ಪ್ರಾಧಿಕಾರ ಜಿಲ್ಲೆಯ ಅಂಗವಿಕಲರ ವಿವರಗಳ ದಾಖಲೆ ಇಡಬೇಕು, ಅಪಾಯದ ಸಂದರ್ಭ ಅವರಿಗೆ ತಿಳಿಸುವ ಕ್ರಮ ಕೈಗೊಳ್ಳಬೇಕು. 2019ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಇದಕ್ಕೇ ಮಾರ್ಗಸೂಚಿ ಹೊರತಂದಿತು. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅಂಗವಿಕಲರ ಮನೆಮನೆ ಅವರಿಗೆ ಗೊತ್ತು. ಆಶಾಗೆ ಗರ್ಭಿಣಿಯರು, ಕ್ಷಯದ ಔಷಧ ತೆಗೆದುಕೊಳ್ಳುವವರು ಗೊತ್ತು. ಪಶು ಆಸ್ಪತ್ರೆಯಲ್ಲಿ ಕಿವಿಯೋಲೆಯ ಲೆಕ್ಕವಿದೆ. ಈ ಮೂರು ಪಟ್ಟಿಗಳು ಮೂರು ಇಲಾಖೆಗಳಲ್ಲಿ ಬೇರೆ ಬೇರೆಯಾಗಿಯೇ ಉಳಿದಿವೆ. ಮೇ ತಿಂಗಳ ಗ್ರಾಮಸಭೆಯೊಂದರಲ್ಲಿ ಮೂರನ್ನೂ ಮುಂದಿಟ್ಟು ಓಣಿವಾರು ಒಂದೇ ಹಾಳೆ ಮಾಡಬಹುದು. ಯಾವ ಮನೆಯಲ್ಲಿ ಯಾರನ್ನು ಎತ್ತಿಕೊಂಡೇ ಹೋಗಬೇಕು, ಯಾರ ಬಳಿ ಟ್ರ್ಯಾಕ್ಟರ್ ಇದೆ, ಎಷ್ಟು ದನ, ಯಾವ ಹಳ್ಳ ಮೊದಲು ತುಂಬುತ್ತದೆ ಎಂಬ ನಾಲ್ಕು ಅಂಕಣ ಸಾಕು.

ಪರಿಹಾರದ ನಿಯಮಗಳಲ್ಲಿಯೂ ಹೊಳೆಸಾಲಿನ ಮನೆಗೆ ಹೊಂದದ ಅಳತೆಗಳಿವೆ. 2022ರಿಂದ 2026ರ ಅವಧಿಗೆ ನಿಗದಿಯಾದ ವಿಪತ್ತು ಪರಿಹಾರ ನಿಧಿಯ ದರದಂತೆ ಸತ್ತ ಹೈನಿನ ಎಮ್ಮೆ, ಆಕಳಿಗೆ 37,500 ರೂಪಾಯಿ, ಎತ್ತಿಗೆ 32,000, ಕುರಿ, ಮೇಕೆಗೆ 4,000 ಇತ್ತು. ಒಂದು ಕುಟುಂಬಕ್ಕೆ ಹೈನಿನ ದೊಡ್ಡ ಜಾನುವಾರು ಮೂರು ಅಥವಾ ಕುರಿ-ಮೇಕೆ 30ರ ಮಿತಿ ಇತ್ತು. ಇನ್ನೂರು ಕುರಿ ಕಳೆದುಕೊಂಡ ಕುರಿಗಾರನಿಗೂ 30 ಕುರಿಯದೇ ಲೆಕ್ಕ, ಅಂದರೆ 1,20,000 ರೂಪಾಯಿ. ಆ ಹಣ ಸಿಗಬೇಕಾದರೂ ಕಳೇಬರದ ತಪಾಸಣೆ, ಪಶುವೈದ್ಯರ ವರದಿ ಬೇಕು. ಹೊಳೆ ಕೊಚ್ಚಿಕೊಂಡು ಹೋದ ಕುರಿಗೆ ಕಳೇಬರ ಎಲ್ಲಿಂದ ತರುವುದು? ಕುರಿ ಕಾಯುವ ನಾಯಿ ಈ ಪಟ್ಟಿಯಲ್ಲಿ ಇರಲೇ ಇಲ್ಲ. ಹೊಸ ದರಗಳನ್ನು ಗೊತ್ತುಮಾಡುವಾಗ ಒಡೆತನದ ಸಾಕ್ಷಿಯಾಗಿ ಕಿವಿಯೋಲೆಯ ಸಂಖ್ಯೆಯನ್ನೂ ಕುರಿಗಾರರ ಸಹಕಾರ ಸಂಘದ ದಾಖಲೆಯನ್ನೂ ಒಪ್ಪಿಕೊಳ್ಳಬೇಕು, 30ರ ಮಿತಿಯನ್ನು ಹಿಂಡಿನ ಗಾತ್ರಕ್ಕೆ ತಕ್ಕಂತೆ ಏರಿಸಬೇಕು ಎಂಬ ಬೇಡಿಕೆಯನ್ನು ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ತಾಲ್ಲೂಕುಗಳ ಪಂಚಾಯಿತಿಗಳು ಠರಾವಿನ ರೂಪದಲ್ಲಿ ಜಿಲ್ಲಾ ಪ್ರಾಧಿಕಾರಕ್ಕೆ ಕಳಿಸಬಹುದು.